ಸ್ಟೀಲ್, ನೈಲಾನ್, ಯುಕುಲೇಲೆ: ಕಾರವಾರದಲ್ಲಿ ಕಾರ್ಡ್ ಕಲಿಯುವವರಿಗೆ ಯಾವುದು ಹೊಂದೀತು?

ಗಿಟಾರ್ ಕಲಿಯಬೇಕೆಂದು ಅಂಗಡಿಗೆ ಹೋದವರ ಕೈಗೆ ಮೊದಲು ಬರುವುದು ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರನ್ನು ಹೇಳಿ ತರಿಸಿಕೊಳ್ಳಬೇಕಾಗುತ್ತದೆ. ನಾಲ್ಕು ತಂತಿಯ ಪುಟ್ಟ ವಾದ್ಯವಾದ ಯುಕುಲೇಲೆಯನ್ನಂತೂ ಮಕ್ಕಳ ಆಟಿಕೆಯೆಂದು ಬದಿಗಿಡುವವರೇ ಹೆಚ್ಚು. ಕಾರವಾರದ ಕೋಡಿಬಾಗದಲ್ಲಿ, ಸಮುದ್ರದ ಗಾಳಿ ನೇರವಾಗಿ ಒಳಗೆ ಬರುವ ಮನೆಯಲ್ಲಿ, ಈ ಮೂರನ್ನೂ ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಅಕ್ಕಪಕ್ಕದಲ್ಲಿಟ್ಟುಕೊಂಡು ನುಡಿಸಿದ್ದೇನೆ. ಸಿ, ಎ ಮೈನರ್, ಜಿ, ಡಿ, ಇ ಮೈನರ್ ಎಂಬ ಐದು ಸರಳ ಕಾರ್ಡ್‌ಗಳನ್ನು (ಒಟ್ಟಿಗೆ ಮೊಳಗಿಸುವ ಸ್ವರಗಳ ಗುಚ್ಛಗಳನ್ನು) ತಾಳ ತಪ್ಪದಂತೆ ಬದಲಾಯಿಸುತ್ತ ಒಂದು ಭಾವಗೀತೆಗೆ ಸಾಥ್ ಕೊಡುವಷ್ಟು ಕಲಿಯಲು ಯಾವುದು ಅನುಕೂಲವೆಂಬುದಷ್ಟೇ ನನ್ನ ಪರೀಕ್ಷೆಯ ವಿಷಯವಾಗಿತ್ತು.

ಬೆರಳಿನ ನೋವಿನ ಮಟ್ಟಿಗೆ ಹೇಳುವುದಾದರೆ ಸ್ಟೀಲ್ ಗಿಟಾರ್ ಉಳಿದೆರಡರ ಹತ್ತಿರವೂ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಬಳಸುವ 12ರ ಗೇಜಿನ (ಗೇಜು ಎಂದರೆ ತಂತಿಯ ದಪ್ಪದ ಅಳತೆ) ಸ್ಟೀಲ್ ತಂತಿಗಳ ಒಟ್ಟು ಬಿಗಿತ ಸುಮಾರು 70 ಕಿಲೋ ತೂಕಕ್ಕೆ ಸಮವಾದರೆ, ನೈಲಾನ್ ತಂತಿಗಳದ್ದು ಹೆಚ್ಚುಕಡಿಮೆ 40 ಕಿಲೋ. ಎಡಗೈ ಬೆರಳ ತುದಿ ಗಟ್ಟಿಯಾಗುವವರೆಗೆ ಸ್ಟೀಲಿನಲ್ಲಿ ಒಂದೇ ಸಮನೆ ಅಭ್ಯಾಸ ಮಾಡುವುದು ಕಷ್ಟ, ನೈಲಾನಿನಲ್ಲಿ ಮಾಡಬಹುದು. ಆದರೆ ನೈಲಾನ್ ಗಿಟಾರಿನ ಕುತ್ತಿಗೆ ಅಗಲ: ಸ್ಟೀಲಿನಲ್ಲಿ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ಸುಮಾರು 43 ಮಿಲಿಮೀಟರ್ ಇದ್ದರೆ ಇದರಲ್ಲಿ 52. ಸಿ ಕಾರ್ಡ್ ಹಿಡಿಯುವಾಗ ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ) ಚಾಚಬೇಕಾಗುತ್ತದೆ. ಬೆರಳು ಗಿಡ್ಡವಾಗಿರುವವರಿಗೆ ಈ ಅಗಲ ತೊಡಕೇ ಸರಿ. ಅದೇ ಅಗಲದಿಂದ ಲಾಭವೂ ಇದೆ. ಸಿ ಕಾರ್ಡಿನಲ್ಲಿ ಎರಡನೇ ತಂತಿಯ ಮೇಲಿರುವ ತೋರುಬೆರಳು ಸ್ವಲ್ಪ ವಾಲಿದರೂ ಕೆಳಗಿನ ಮೊದಲ ತಂತಿಗೆ ತಾಗಿ, ಸ್ವರ ಮೊಳಗುವ ಬದಲು ‘ಟಪ್’ ಎಂದು ಸಾಯುತ್ತದೆ. ಸ್ಟೀಲಿನ ಕಿರಿದಾದ ಕುತ್ತಿಗೆಯಲ್ಲಿ ಇದು ಪದೇಪದೇ ಆಗುತ್ತಿತ್ತು, ನೈಲಾನಿನಲ್ಲಿ ಅಪರೂಪ.

ಯುಕುಲೇಲೆಯಲ್ಲಿ ಸಿ ಕಾರ್ಡಿಗೂ ಎ ಮೈನರಿಗೂ ಒಂದೊಂದೇ ಬೆರಳು ಸಾಕು. ಎಡಗೈಗೆ ಇಷ್ಟು ಬಿಡುವು ಸಿಗುವುದರಿಂದ ಗಮನವೆಲ್ಲ ಬಲಗೈಯ ಲಯದ ಮೇಲೆ ಹೋಗುತ್ತದೆ, ಹಾಗಾಗಿ ತಾಳ ಬೇಗ ಕೂರುತ್ತದೆ. ಅಲ್ಲಿ ಕಲಿತದ್ದು ಗಿಟಾರಿಗೆ ಬಂದಾಗ ವ್ಯರ್ಥವೂ ಆಗುವುದಿಲ್ಲ, ಏಕೆಂದರೆ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಲ್ಲಿ ಡಿ ಹಿಡಿಯುವ ಬೆರಳುಗಳ ವಿನ್ಯಾಸವೇ ಯುಕುಲೇಲೆಯಲ್ಲಿ ಜಿ ಕಾರ್ಡ್ ಆಗಿರುತ್ತದೆ. ಹೆಸರು ಬೇರೆ, ಹಿಡಿತ ಒಂದೇ. ಆದರೆ ಮಂದ್ರದ ತಂತಿಗಳೇ ಇಲ್ಲದ ಈ ವಾದ್ಯ ಗಂಡುದನಿಯ ಹಾಡಿಗೆ ಸಾಥ್ ಕೊಡುವಾಗ ತೀರ ತೆಳುವಾಗಿ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆರು ತಂತಿಗಳ ಪೈಕಿ ಬೇಡದ ತಂತಿಯನ್ನು ಬಿಟ್ಟು ಮೀಟುವ ಶಿಸ್ತನ್ನು ಅದು ಕಲಿಸುವುದಿಲ್ಲ.

ಇಷ್ಟು ಹೋಲಿಕೆ ಬೆಂಗಳೂರಿನಲ್ಲಿ ಕುಳಿತವರಿಗೂ ಸಲ್ಲುತ್ತದೆ. ಕರಾವಳಿಯಲ್ಲಿ ನಿರ್ಣಾಯಕವಾಗುವುದು ಉಪ್ಪುಗಾಳಿ. ಸ್ಟೀಲ್ ಗಿಟಾರಿನ ಮೊದಲ ಎರಡು ತಂತಿಗಳ ಮೇಲೆ ಕೆಲವೇ ವಾರಗಳಲ್ಲಿ ಕಂದು ಚುಕ್ಕೆಗಳೆದ್ದು, ಕಾರ್ಡ್ ಬದಲಾಯಿಸುವಾಗ ಬೆರಳ ಚರ್ಮ ಅರದಿಂದ ಉಜ್ಜಿದಂತಾಗುತ್ತದೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣಬಟ್ಟೆಯಿಂದ, ಅಡಿಭಾಗವನ್ನೂ ಬಿಡದೆ, ಒರೆಸಿಟ್ಟರೆ ಬಾಳಿಕೆ ತುಸು ಹೆಚ್ಚುತ್ತದೆ. 1997ರಲ್ಲಿ ಎಲಿಕ್ಸಿರ್ ಹೆಸರಿನಲ್ಲಿ ಬಂದ ಲೇಪನದ ತಂತಿಗಳು ಇಲ್ಲಿನ ಹವೆಗೆ ಹೇಳಿ ಮಾಡಿಸಿದಂತಿವೆ, ಆದರೆ ಮಾಮೂಲಿ ತಂತಿಗಿಂತ ದುಬಾರಿ. ನೈಲಾನಿಗೆ ತುಕ್ಕಿನ ಪ್ರಶ್ನೆಯೇ ಇಲ್ಲ. ಬೆಳ್ಳಿ ಲೇಪದ ತಾಮ್ರದೆಳೆ ಸುತ್ತಿದ ಮಂದ್ರದ ಮೂರು ತಂತಿಗಳು ಕಪ್ಪಾಗಿ ಮಂಕಾಗುತ್ತವೆ, ಅಷ್ಟೇ. 1940ರ ದಶಕದಲ್ಲಿ ಆಲ್ಬರ್ಟ್ ಆಗಸ್ಟೀನ್ ನೈಲಾನ್ ತಂತಿ ತಯಾರಿಸುವವರೆಗೆ ಈ ಗಿಟಾರಿಗೆ ಪ್ರಾಣಿಗಳ ಕರುಳಿನ ತಂತಿಯನ್ನೇ ಕಟ್ಟುತ್ತಿದ್ದರು. ತೇವ ಹೀರಿ ಶ್ರುತಿ ಕೆಡುವ ಅಂಥ ತಂತಿಯನ್ನು ನಮ್ಮ ಆಷಾಢದಲ್ಲಿ ನುಡಿಸುವ ಕಷ್ಟ ಊಹಿಸಿದರೆ ಸಾಕು.

ಮರದ ಸಮಸ್ಯೆ ಮಾತ್ರ ಮೂರಕ್ಕೂ ಸಮಾನ. ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇಕಡಾ 45ರಿಂದ 55. ಜುಲೈ ತಿಂಗಳ ಕಾರವಾರದಲ್ಲಿ ಅದನ್ನು ಕೇಳುವಂತೆಯೇ ಇಲ್ಲ. ಮರ ಉಬ್ಬಿದಾಗ ಮೇಲ್ಹಲಗೆ ಏಳುತ್ತದೆ, ಅದರೊಡನೆ ತಂತಿಗಳೂ ಫ್ರೆಟ್‌ಗಳಿಂದ ಮೇಲೇರಿ, ಒತ್ತಲು ಇನ್ನಷ್ಟು ಬಲ ಬೇಕಾಗುತ್ತದೆ. ಇದರ ಪೆಟ್ಟು ಮೊದಲೇ ಬಿಗಿಯಾಗಿರುವ ಸ್ಟೀಲ್ ಗಿಟಾರಿನಲ್ಲಿ ಹೆಚ್ಚಾಗಿ ತಿಳಿಯುತ್ತದೆ. ಪೂರ್ತಿ ಮರದ ಹಲಗೆಗಿಂತ ಪದರ ಅಂಟಿಸಿದ ಅಗ್ಗದ ಹಲಗೆ ತೇವವನ್ನು ಚೆನ್ನಾಗಿ ತಡೆಯುತ್ತದೆಯಾದ್ದರಿಂದ, ಇಲ್ಲಿ ಕಲಿಯುವವರು ದುಬಾರಿ ಗಿಟಾರಿನ ಆಸೆ ಇಟ್ಟುಕೊಳ್ಳದಿರುವುದೇ ಲೇಸು. ಶಿರಸಿಯ ನನ್ನ ತಂಗಿಯ ಮನೆಯಲ್ಲಿ ತಂತಿಗಳು ನಮ್ಮಲ್ಲಿಗಿಂತ ಹೆಚ್ಚು ಕಾಲ ಬಾಳುತ್ತವೆ, ಆದರೆ ಮಳೆಗಾಲದಲ್ಲಿ ಗಿಟಾರಿನ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ.

ನೈಲಾನಿನ ಎರಡು ಅನನುಕೂಲಗಳನ್ನು ಹೇಳದಿದ್ದರೆ ಹೋಲಿಕೆ ಪಕ್ಷಪಾತವಾದೀತು. ಹೊಸ ತಂತಿ ಕಟ್ಟಿದ ಮೇಲೆ ಅದು ಹಲವು ದಿನ ಹಿಗ್ಗುತ್ತಲೇ ಇರುವುದರಿಂದ ಮತ್ತೆಮತ್ತೆ ಶ್ರುತಿ ಮಾಡಬೇಕು. ಜೊತೆಗೆ ಅದರ ಫ್ರೆಟ್‌ಬೋರ್ಡ್ ಚಪ್ಪಟೆಯಾಗಿರುವುದರಿಂದ, ಸ್ಟೀಲ್ ಗಿಟಾರಿನ ಬಾಗಿದ ಕ್ಯಾಪೊ (ತಂತಿಗಳನ್ನೆಲ್ಲ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಚಪ್ಪಟೆ ಕ್ಯಾಪೊವನ್ನೇ ಕೇಳಿ ಕೊಳ್ಳಬೇಕು. ಹಾರ್ಮೋನಿಯಮ್ಮಿನ ಕಪ್ಪು ಒಂದರಲ್ಲಿ ಹಾಡುವವರಿಗೆ ಮೊದಲ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಸಿ ಹಿಡಿತದಲ್ಲೇ ಸಾಥ್ ಕೊಡಬಹುದಾದ್ದರಿಂದ, ಹೊಸಬರಿಗೆ ಅದು ಅತ್ಯಗತ್ಯ. ಭೂಪಾಲಿಯ ಛಾಯೆಯ ಹಾಡಾದರಂತೂ ಸಿ ಮತ್ತು ಎ ಮೈನರ್ ಎರಡೇ ಸಾಕು: ಮೊದಲನೆಯದು ಸ-ಗ-ಪ, ಎರಡನೆಯದು ಧ-ಸ-ಗ. ಜಿ ಹಿಡಿದರೆ ರಾಗದಲ್ಲಿಲ್ಲದ ನಿಷಾದ ನುಸುಳುತ್ತದೆ.

ಆದ್ದರಿಂದ ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಮನೆಯಲ್ಲಿ ಕುಳಿತು ಹಾಡಿಕೊಳ್ಳಲು ಕಲಿಯುವವರಿಗೆ ನಾನು ನೈಲಾನನ್ನೇ ಸೂಚಿಸುತ್ತೇನೆ. ಚರ್ಚಿನ ಗಾಯನವೃಂದದಲ್ಲೋ ಕಾಲೇಜಿನ ವೇದಿಕೆಯಲ್ಲೋ ಹತ್ತಾರು ದನಿಗಳ ನಡುವೆ ಕೇಳಿಸುವಂತೆ ಮೀಟಬೇಕೆಂದಿದ್ದರೆ ಸ್ಟೀಲೇ ಬೇಕು. ಆಗ 10ರ ಗೇಜಿನ ತೆಳು ತಂತಿಯಿಂದ ಆರಂಭಿಸಿದರೆ ಬೆರಳು ಉಳಿಯುತ್ತದೆ. ಪುಟ್ಟ ಮಕ್ಕಳಿಗೆ ಯುಕುಲೇಲೆ ಸಾಕು. ನೈಲಾನ್ ಗಿಟಾರ್ ಕೊಂಡ ಮೇಲೆ ದನಿ ಸಾಲದೆಂದು ಅದಕ್ಕೆ ಸ್ಟೀಲ್ ತಂತಿ ಕಟ್ಟುವವರನ್ನೂ ಕಂಡಿದ್ದೇನೆ. ಆ ಬಿಗಿತಕ್ಕೆಂದು ಮಾಡದ ಹಲಗೆ ಉಬ್ಬಿ, ಕೊನೆಗೆ ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್ಜೇ ಕಿತ್ತು ಬರುತ್ತದೆ.