ಎಕ್ಸೆಲ್ ಸಾಲ್ವರ್ ವಿಮರ್ಶೆ: ಆಪರೇಷನ್ಸ್ ರಿಸರ್ಚ್ ಕೋರ್ಸಿಗೆ ಎಲ್ಲಿಯವರೆಗೆ ಸಾಕು?

ಇಂಡಸ್ಟ್ರಿಯಲ್ ಮತ್ತು ಸಿಸ್ಟಮ್ಸ್ ಎಂಜಿನಿಯರಿಂಗ್ ಓದುವವರ ಕೈಗೆ ಸಿಗುವ ಮೊದಲ ಆಪ್ಟಿಮೈಸೇಶನ್ (ಮಿತಿಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ) ಸಾಧನ ಬಹುಪಾಲು ಎಕ್ಸೆಲ್ ಜೊತೆಗೇ ಬರುವ ಸಾಲ್ವರ್. ಬೇರೆ ಲೈಸೆನ್ಸ್ ಬೇಕಿಲ್ಲ, ಕೋಡ್ ಬರೆಯುವ ಗೋಜಿಲ್ಲ. ಮೈಕ್ರೋಸಾಫ್ಟ್‌ಗಾಗಿ ಇದನ್ನು ಮಾಡಿಕೊಟ್ಟಿರುವುದು ಫ್ರಂಟ್‌ಲೈನ್ ಸಿಸ್ಟಮ್ಸ್ ಎಂಬ ಕಂಪನಿ. ಲೀನಿಯರ್ ಪ್ರೋಗ್ರಾಮಿಂಗ್ (ಎಲ್‌ಪಿ: ಗುರಿಯೂ ಮಿತಿಗಳೂ ಸರಳರೇಖೆಯ ಸಂಬಂಧಗಳಾಗಿರುವ ಲೆಕ್ಕ) ಕಲಿಯುವುದಕ್ಕೆ ಇದಕ್ಕಿಂತ ಸಲೀಸಾದ ಉಪಕರಣ ಸಿಗುವುದು ಕಷ್ಟ. ಇಂಟಿಜರ್ (ಪೂರ್ಣಾಂಕ) ಮತ್ತು ನಾನ್‌ಲೀನಿಯರ್ (ಸರಳರೇಖೆಯಲ್ಲದ) ಅಧ್ಯಾಯಗಳಿಗೆ ಬಂದಾಗ ಮಾತ್ರ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಬಂದ ಉತ್ತರವನ್ನು ಹಾಗೇ ರಿಪೋರ್ಟಿಗೆ ಇಳಿಸಬಾರದು. ಅರೆಬರೆ ಉತ್ತರವನ್ನೂ ಸರಿಯುತ್ತರದಷ್ಟೇ ಧೈರ್ಯವಾಗಿ ಹೇಳುವ ಸ್ವಭಾವ ಇದರದು.

ಎಕ್ಸೆಲ್ ಹಾಕಿದ ಕೂಡಲೇ ಸಾಲ್ವರ್ ಕಣ್ಣಿಗೆ ಬೀಳುವುದಿಲ್ಲ. ಫೈಲ್, ಆಪ್ಷನ್ಸ್, ಆಡ್-ಇನ್ಸ್ ಎಂದು ಹೋಗಿ, ಕೆಳಗಿನ ಮ್ಯಾನೇಜ್ ಪಟ್ಟಿಯಲ್ಲಿ ಎಕ್ಸೆಲ್ ಆಡ್-ಇನ್ಸ್ ಇರುವುದನ್ನು ನೋಡಿ ಗೋ ಒತ್ತಿ, ಸಾಲ್ವರ್ ಆಡ್-ಇನ್ ಎದುರು ಟಿಕ್ ಹಾಕಬೇಕು. ಮ್ಯಾಕ್‌ನಲ್ಲಾದರೆ ಟೂಲ್ಸ್ ಮೆನುವಿನಲ್ಲಿದೆ. ಆಮೇಲೆ ಡೇಟಾ ಟ್ಯಾಬ್‌ನ ಬಲತುದಿಯಲ್ಲಿ ಬಟನ್ ಬರುತ್ತದೆ.

ಒಂದು ಪುಟ್ಟ ಲೆಕ್ಕ ಇಟ್ಟುಕೊಂಡು ನೋಡೋಣ. ಮೇಜಿಗೆ ಲಾಭ 40, ಕುರ್ಚಿಗೆ 30. ಮೇಜಿಗೆ ಯಂತ್ರದ ಸಮಯ 2 ಗಂಟೆ, ಕುರ್ಚಿಗೆ 1 ಗಂಟೆ. ಒಟ್ಟು ಸಿಗುವುದು 100. ಜೋಡಣೆಗೆ ಎರಡಕ್ಕೂ ತಲಾ 1 ಗಂಟೆ; ಒಟ್ಟು 80. ಎರಡು ಸೆಲ್‌ಗಳನ್ನು ವೇರಿಯಬಲ್‌ಗಳಿಗೆ ಬಿಟ್ಟು, ಲಾಭವನ್ನೂ ಬಳಕೆಯಾದ ಗಂಟೆಗಳನ್ನೂ ಸಮ್‌ಪ್ರಾಡಕ್ಟ್ ಫಾರ್ಮುಲಾದಿಂದ ಬರೆಯಬೇಕು. ಬಳಕೆಯ ಕಾಲಂ ಒಂದು ಕಡೆ, ಲಭ್ಯತೆಯ ಕಾಲಂ ಅದರ ಪಕ್ಕದಲ್ಲಿ. ಹೀಗಿಟ್ಟರೆ ಎಲ್ಲ ಕನ್‌ಸ್ಟ್ರೇಂಟ್‌ಗಳನ್ನೂ (ಪಾಲಿಸಬೇಕಾದ ಮಿತಿಗಳನ್ನೂ) ಒಂದೇ ಸಾಲಿನಲ್ಲಿ, ಇಡೀ ಕಾಲಂ ಇಡೀ ಕಾಲಂಗಿಂತ ಕಡಿಮೆ ಅಥವಾ ಸಮ ಎಂದು ಸೇರಿಸಿಬಿಡಬಹುದು. ಉತ್ತರ 20 ಮೇಜು, 60 ಕುರ್ಚಿ, ಲಾಭ 2600.

ಮೊದಲ ಎಡವಟ್ಟು ಆಗುವುದು ಇಲ್ಲೇ. ಡೈಲಾಗ್ ಬಾಕ್ಸ್‌ನಲ್ಲಿ ಸಾಲ್ವಿಂಗ್ ಮೆಥಡ್ ತಾನಾಗಿ ಜಿಆರ್‌ಜಿ ನಾನ್‌ಲೀನಿಯರ್ ಎಂದಿರುತ್ತದೆ; ಅದು ಸರಳರೇಖೆಯಲ್ಲದ ಲೆಕ್ಕಗಳ ವಿಧಾನ. ಅದನ್ನು ಎಲ್‌ಪಿಗೆಂದೇ ಇರುವ ಸಿಂಪ್ಲೆಕ್ಸ್ ಎಲ್‌ಪಿ ಎಂದು ಬದಲಿಸುವ ಕೆಲಸ ನಮ್ಮದು. ಬದಲಿಸದಿದ್ದರೂ ಇಷ್ಟು ಚಿಕ್ಕ ಲೆಕ್ಕಕ್ಕೆ 20, 60 ಎಂದೇ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸಂಖ್ಯೆಗಳು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ಹೇಳುವ ಸೆನ್ಸಿಟಿವಿಟಿ ರಿಪೋರ್ಟ್ ತೆಗೆದಾಗ ಗುಟ್ಟು ಹೊರಬೀಳುತ್ತದೆ: ಶ್ಯಾಡೋ ಪ್ರೈಸ್ (ಮಿತಿ ಒಂದು ಹೆಚ್ಚಾದರೆ ಲಾಭದಲ್ಲಾಗುವ ಬದಲಾವಣೆ) ಇರಬೇಕಾದ ಕಡೆ ಲಗ್ರಾಂಜ್ ಮಲ್ಟಿಪ್ಲೈಯರ್, ರೆಡ್ಯೂಸ್ಡ್ ಕಾಸ್ಟ್ ಇರಬೇಕಾದ ಕಡೆ ರೆಡ್ಯೂಸ್ಡ್ ಗ್ರೇಡಿಯೆಂಟ್, ಎಷ್ಟು ಏರಿಳಿತದವರೆಗೆ (ರೇಂಜ್) ಇವು ನಿಲ್ಲುತ್ತವೆ ಎಂದು ಹೇಳುವ ಅಲೋವಬಲ್ ಇನ್‌ಕ್ರೀಸ್ ಮತ್ತು ಡಿಕ್ರೀಸ್ ಕಾಲಂಗಳು ನಾಪತ್ತೆ. ಅಸೈನ್‌ಮೆಂಟ್‌ನಲ್ಲಿ ರೇಂಜ್ ಕೇಳಿದ್ದರೆ ಅಲ್ಲಿಗೆ ಅಂಕ ಹೋಯಿತು. ಇಷ್ಟು ಮಂದಿ ಮೊದಲು ಎಲ್‌ಪಿಯನ್ನೇ ಬಳಸುವ ಸಾಧನದಲ್ಲಿ ಇಂಥ ಡೀಫಾಲ್ಟ್ ಏಕೆ ಇಟ್ಟರೋ.

ಸರಿಯಾದ ಮೆಥಡ್ ಆರಿಸಿದರೆ ಈ ರಿಪೋರ್ಟೇ ಸಾಲ್ವರ್‌ನ ಅತ್ಯುತ್ತಮ ಭಾಗ. ನಮ್ಮ ಲೆಕ್ಕದಲ್ಲಿ ಯಂತ್ರದ ಗಂಟೆಗೆ ಶ್ಯಾಡೋ ಪ್ರೈಸ್ 10, ಜೋಡಣೆಯ ಗಂಟೆಗೆ 20. 100ನ್ನು 10ರಿಂದ, 80ನ್ನು 20ರಿಂದ ಗುಣಿಸಿ ಕೂಡಿದರೆ ಮತ್ತೆ 2600. ಡ್ಯುಯಾಲಿಟಿಯನ್ನು (ಸಂಪನ್ಮೂಲಗಳ ಬೆಲೆಯಿಂದ ಲೆಕ್ಕ ಹಾಕಿದರೂ ಅದೇ ಲಾಭ ಬರುವ ಗುಣವನ್ನು) ಬೋರ್ಡಿನ ಮೇಲೆ ಎಷ್ಟು ಹೊತ್ತು ವಿವರಿಸಿದರೂ ಇಷ್ಟು ಬೇಗ ಮನಸ್ಸಿಗೆ ಇಳಿಯದು. ಮೇಜುಗಳಿಗೆ ಬೇಡಿಕೆ 40ರ ಮಿತಿ ಸೇರಿಸಿದರೆ ಯಂತ್ರದ ಗಂಟೆಯ ರೇಂಜ್ ಎರಡೂ ಬದಿಗೆ 20: ಅಂದರೆ 80ರಿಂದ 120ರವರೆಗೆ ಪ್ರತಿ ಗಂಟೆಗೆ 10ರ ಬೆಲೆ ನಿಲ್ಲುತ್ತದೆ. ಸೆಲ್‌ನಲ್ಲಿ 110 ಹಾಕಿ ಮತ್ತೆ ಸಾಲ್ವ್ ಕೊಟ್ಟರೆ 2700, 130 ಹಾಕಿದರೆ 2800ಕ್ಕೇ ನಿಂತುಬಿಡುತ್ತದೆ. ಹೀಗೆ ಕೈಯಾರೆ ಬದಲಿಸಿ ನೋಡುವ ಸೌಕರ್ಯ ಸ್ಪ್ರೆಡ್‌ಶೀಟ್‌ನಲ್ಲಿ ಇದ್ದಷ್ಟು ಬೇರೆಡೆ ಇಲ್ಲ.

ರಿಪೋರ್ಟ್ ಓದುವಾಗ ಕಾಡುವ ಎರಡು ವಿಚಿತ್ರಗಳಿವೆ. ಬೇಡಿಕೆಯ ಮಿತಿಯನ್ನು 15ಕ್ಕೆ ಇಳಿಸೋಣ. ಆಗ 15 ಮೇಜು, 65 ಕುರ್ಚಿ, ಲಾಭ 2550. ಮಿತಿ ಒಂದು ಹೆಚ್ಚಾದರೆ ಲಾಭ 2560, ಹಾಗಾಗಿ ಆ ಮಿತಿಯ ಶ್ಯಾಡೋ ಪ್ರೈಸ್ 10 ಇರಲೇಬೇಕು. ರಿಪೋರ್ಟಿನ ಕನ್‌ಸ್ಟ್ರೇಂಟ್ ಪಟ್ಟಿಯಲ್ಲಿ ಹುಡುಕಿದರೆ ಆ ಸಾಲೇ ಇರುವುದಿಲ್ಲ. ವೇರಿಯಬಲ್ ಸೆಲ್ಲಿನ ಮೇಲೆಯೇ ನೇರವಾಗಿ ಹಾಕಿದ ಮಿತಿಯನ್ನು ಸಾಲ್ವರ್ ಬೌಂಡ್ ಎಂದು ಪರಿಗಣಿಸುತ್ತದೆ. ಅದರ ಬೆಲೆ ಮೇಜಿನ ಸಾಲಿನಲ್ಲಿ ರೆಡ್ಯೂಸ್ಡ್ ಕಾಸ್ಟ್ ಆಗಿ ಕೂತಿರುತ್ತದೆ. ರೇಂಜ್ ಸಮೇತ ಕನ್‌ಸ್ಟ್ರೇಂಟ್ ಆಗಿಯೇ ಬೇಕೆಂದರೆ ಇನ್ನೊಂದು ಸೆಲ್‌ನಲ್ಲಿ ಆ ವೇರಿಯಬಲ್‌ಗೆ ಸಮ ಎಂಬ ಫಾರ್ಮುಲಾ ಬರೆದು, ಮಿತಿಯನ್ನು ಆ ಸೆಲ್ಲಿನ ಮೇಲೆ ಹಾಕಬೇಕು.

ಎರಡನೆಯದು ಫಾರ್ಮ್ಯಾಟ್‌ನ ತೊಂದರೆ. ಮಾದರಿಯ ಸೆಲ್‌ಗಳಿಗೆ ಇರುವ ನಂಬರ್ ಫಾರ್ಮ್ಯಾಟ್ ರಿಪೋರ್ಟಿಗೂ ಹೋಗುತ್ತದೆ. ದಶಮಾಂಶ ಬೇಡವೆಂದು ಶೀಟನ್ನು ಚೆಂದ ಮಾಡಿಟ್ಟಿದ್ದರೆ 3.33 ಇರುವ ಶ್ಯಾಡೋ ಪ್ರೈಸ್ 3 ಎಂದೂ 0.4 ಇರುವುದು 0 ಎಂದೂ ಕಾಣುತ್ತದೆ. ಸೊನ್ನೆ ಎಂದು ನೋಡಿ ಆ ಸಂಪನ್ಮೂಲ ಮಿಕ್ಕಿದೆ ಎಂದು ಬರೆದುಬಿಡುವವರು ಉಂಟು. ಸೆಲ್ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಫಾರ್ಮುಲಾ ಬಾರ್‌ನಲ್ಲಿ ನಿಜವಾದ ಸಂಖ್ಯೆ ಸಿಗುತ್ತದೆ. ಇನ್ನು 1ಇ+30 ಎಂದು ಕಂಡರೆ ಗಾಬರಿ ಬೇಡ, ಮಿತಿಯಿಲ್ಲ ಎಂದಷ್ಟೇ ಅರ್ಥ. ಕೋಎಫಿಶಿಯಂಟ್‌ನ (ಲಾಭದ 40, 30ರಂಥ ಸಂಖ್ಯೆಯ) ಅಲೋವಬಲ್ ಇನ್‌ಕ್ರೀಸ್ ಅಥವಾ ಡಿಕ್ರೀಸ್ 0 ಇದ್ದರೆ ಇಷ್ಟೇ ಲಾಭ ಕೊಡುವ ಬೇರೊಂದು ಉತ್ತರವೂ ಇರುವ ಸಾಧ್ಯತೆಯ ಸುಳಿವು ಅದು. ಸಾಲ್ವರ್ ಅದನ್ನು ತಾನಾಗಿ ಹೇಳುವುದಿಲ್ಲ.

ಸಂದೇಶಗಳ ಬಗ್ಗೆ ಎರಡು ಮಾತು. ಫೀಸಿಬಲ್ (ಎಲ್ಲ ಮಿತಿಗಳನ್ನೂ ಪಾಲಿಸುವ) ಉತ್ತರ ಸಿಗಲಿಲ್ಲ ಎಂದರೆ ಕನ್‌ಸ್ಟ್ರೇಂಟ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ, ಹೆಚ್ಚಾಗಿ ಎಲ್ಲೋ ಚಿಹ್ನೆ ತಿರುಗಿದೆ. ಆಬ್ಜೆಕ್ಟಿವ್ (ಲಾಭದಂಥ ಗುರಿಯ) ಸೆಲ್ಲಿನ ಬೆಲೆ ಕನ್ವರ್ಜ್ ಆಗುತ್ತಿಲ್ಲ ಎಂದರೆ ಅನ್‌ಬೌಂಡೆಡ್, ಅಂದರೆ ಗುರಿಗೆ ಕೊನೆಯೇ ಇಲ್ಲ: ಒಂದು ಮಿತಿ ಮರೆತಿದೆ, ಇಲ್ಲವೇ ಮಿನಿಮೈಸ್ ಲೆಕ್ಕದಲ್ಲಿ ನಾನ್-ನೆಗೆಟಿವ್ (ವೇರಿಯಬಲ್ ಸೊನ್ನೆಗಿಂತ ಕೆಳಗೆ ಹೋಗಬಾರದು) ಟಿಕ್ ತಪ್ಪಿಹೋಗಿದೆ. ಲೀನಿಯಾರಿಟಿ ಷರತ್ತು ಪೂರೈಸಿಲ್ಲ ಎಂದು ಬಂದರೆ ಫಾರ್ಮುಲಾಗಳಲ್ಲಿ ಇಫ್, ಮ್ಯಾಕ್ಸ್, ಆಬ್ಸ್, ರೌಂಡ್ ಹುಡುಕಿ, ಅಥವಾ ಎಲ್ಲೋ ಎರಡು ವೇರಿಯಬಲ್ ಗುಣಿಸಿಕೊಂಡಿವೆ. ಈ ಸಂದೇಶ ಬಂದಾಗ ಜಿಆರ್‌ಜಿಗೆ ಬದಲಿಸಿ ಪಾರಾಗುವ ಅಭ್ಯಾಸ ಕೆಟ್ಟದ್ದು. ಗರಿಷ್ಠ ಓವರ್‌ಟೈಮ್ ಕಡಿಮೆ ಮಾಡುವ ಲೆಕ್ಕವಾದರೆ ಮ್ಯಾಕ್ಸ್ ಫಾರ್ಮುಲಾ ಕಿತ್ತುಹಾಕಿ, ಹೊಸದೊಂದು ವೇರಿಯಬಲ್ ಇಟ್ಟು, ಪ್ರತಿಯೊಬ್ಬರ ಓವರ್‌ಟೈಮ್ ಅದಕ್ಕಿಂತ ಕಡಿಮೆ ಅಥವಾ ಸಮ ಎಂದು ಬರೆದು, ಆ ವೇರಿಯಬಲನ್ನು ಮಿನಿಮೈಸ್ ಮಾಡಿದರಾಯಿತು. ಲೆಕ್ಕ ಮತ್ತೆ ಎಲ್‌ಪಿಯೇ.

ಇಂಟಿಜರ್ ಭಾಗದಲ್ಲಿ ಸಾಲ್ವರ್‌ಗೆ ನಾನು ಹೆಚ್ಚು ಅಂಕ ಕೊಡಲಾರೆ. ಆಪ್ಷನ್ಸ್ ಒಳಗೆ ಇಂಟಿಜರ್ ಆಪ್ಟಿಮ್ಯಾಲಿಟಿ ಎಂಬ ಸಂಖ್ಯೆ ಡೀಫಾಲ್ಟ್ ಆಗಿ 1 ಪರ್ಸೆಂಟ್ ಇರುತ್ತದೆ. ಅಂದರೆ ಸಾಧ್ಯತೆಗಳನ್ನು ಕವಲು ಕವಲಾಗಿ ಒಡೆದು ನೋಡುವ ಬ್ರಾಂಚ್ ಅಂಡ್ ಬೌಂಡ್ ಹುಡುಕಾಟದಲ್ಲಿ ಸಿಕ್ಕ ಉತ್ತರ, ಸಾಧ್ಯವಿರುವ ಅತ್ಯುತ್ತಮಕ್ಕಿಂತ ಶೇಕಡಾ 1ರಷ್ಟು ಹಿಂದಿದ್ದರೂ ಅಲ್ಲೇ ನಿಲ್ಲಿಸಿಬಿಡುತ್ತದೆ. ಆಬ್ಜೆಕ್ಟಿವ್ 5,00,000ದ ಆಸುಪಾಸಿನಲ್ಲಿದ್ದರೆ ಸುಮಾರು 5,000 ಕೈಬಿಟ್ಟುಹೋಗಬಹುದು. ಟಾಲರೆನ್ಸ್ ಒಳಗಿನ ಇಂಟಿಜರ್ ಉತ್ತರ ಸಿಕ್ಕಿದೆ ಎಂಬ ಸಂದೇಶ ಬಂದರೆ ಆದದ್ದು ಇದೇ. ಅದನ್ನು ಓದದೆ ಓಕೆ ಒತ್ತುವವರೇ ಹೆಚ್ಚು. ಒಂದೇ ಮಾದರಿ ಕಟ್ಟಿದ ಇಬ್ಬರಿಗೆ ಬೇರೆ ಬೇರೆ ಉತ್ತರ ಬಂದು ಜಗಳವಾಗುವುದಕ್ಕೆ ಬಹಳ ಸಲ ಇದೇ ಕಾರಣ. ಆ ಸಂಖ್ಯೆಯನ್ನು 0 ಮಾಡಿ. ಅಲ್ಲೇ ಮೇಲೆ ಇಗ್ನೋರ್ ಇಂಟಿಜರ್ ಕನ್‌ಸ್ಟ್ರೇಂಟ್ಸ್ ಎಂಬ ಟಿಕ್ ಉಳಿದಿದ್ದರೆ ಅದನ್ನೂ ತೆಗೆಯಿರಿ. ಇಂಟಿಜರ್ ಲೆಕ್ಕಕ್ಕೆ ಸೆನ್ಸಿಟಿವಿಟಿ ರಿಪೋರ್ಟ್ ಕೊಡುವುದಿಲ್ಲ, ಕೊಡಬಾರದ್ದೇ ಸರಿ.

ಗೋದಾಮು ತೆರೆಯಬೇಕೋ ಬೇಡವೋ ಎಂಬಂಥ ಲೆಕ್ಕಗಳಲ್ಲಿ ಬಿಗ್-ಎಂ (ತೆರೆದರೆ 1, ಇಲ್ಲದಿದ್ದರೆ 0 ಇರುವ ಬೈನರಿ ಸೆಲ್ಲಿಗೆ ಗುಣಿಸಿ ಸರಕಿಗೆ ಮಿತಿ ಹಾಕುವ ದೊಡ್ಡ ಸಂಖ್ಯೆ) ಆಗಿ 10,00,000 ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಕನ್‌ಸ್ಟ್ರೇಂಟ್ ಪ್ರಿಸಿಶನ್ 0.000001 ಇರುತ್ತದೆ. ಬೈನರಿ ಸೆಲ್ 0.000001 ಇದ್ದರೂ ಸೊನ್ನೆ ಎಂದು ಒಪ್ಪಿಕೊಂಡರೆ, 10,00,000ದಿಂದ ಗುಣಿಸಿದಾಗ 1 ಯೂನಿಟ್ ಸರಕು ಮುಚ್ಚಿದ ಗೋದಾಮಿನಿಂದಲೇ ಹೊರಡುತ್ತದೆ. ಆ ಗೋದಾಮಿನ ಸಾಮರ್ಥ್ಯವೇ 300 ಇದ್ದರೆ ಎಂ ಕೂಡ 300 ಇರಲಿ. ಹುಡುಕಾಟವೂ ಬೇಗ ಮುಗಿಯುತ್ತದೆ.

ಇನ್ವೆಂಟರಿ ಅಧ್ಯಾಯಕ್ಕೆ ಬಂದರೆ ಜಿಆರ್‌ಜಿ ನಿಜವಾಗಿ ಬೇಕಾಗುತ್ತದೆ. ವಾರ್ಷಿಕ ಬೇಡಿಕೆ 1200, ಪ್ರತಿ ಆರ್ಡರಿನ ವೆಚ್ಚ 50, ಒಂದು ಯೂನಿಟ್ ಒಂದು ವರ್ಷ ಇಟ್ಟುಕೊಳ್ಳುವ ವೆಚ್ಚ 3. ಇಓಕ್ಯೂ (ವೆಚ್ಚ ಅತಿ ಕಡಿಮೆಯಾಗುವ ಆರ್ಡರ್ ಪ್ರಮಾಣ) 200, ವೆಚ್ಚ 600. ಆರ್ಡರ್ ಪ್ರಮಾಣದ ಸೆಲ್ ಖಾಲಿ ಬಿಟ್ಟು ಸಾಲ್ವ್ ಕೊಟ್ಟರೆ ಸೊನ್ನೆಯಿಂದ ಭಾಗಿಸಿದಂತಾಗಿ ಎರರ್; 100 ಬರೆದು ಶುರು ಮಾಡಿದರೆ ಸಲೀಸಾಗಿ 200ಕ್ಕೆ ಹೋಗುತ್ತದೆ. ಈಗ ಇದಕ್ಕೆ ಡಿಸ್ಕೌಂಟ್ ಸೇರಿಸಿ: 500ಕ್ಕಿಂತ ಕಡಿಮೆಗೆ ಯೂನಿಟ್ ದರ 10, 500 ಮತ್ತು ಮೇಲೆ 9.5. ಇಫ್ ಫಾರ್ಮುಲಾದಲ್ಲಿ ದರ ಬರೆದು 100ರಿಂದ ಹೊರಟರೆ ಸಾಲ್ವರ್ ಸಾಮಾನ್ಯವಾಗಿ 200ರಲ್ಲೇ ನಿಂತು, ಉತ್ತರ ಸಿಕ್ಕಿತು ಎನ್ನುತ್ತದೆ. ಅಲ್ಲಿ ಒಟ್ಟು ವೆಚ್ಚ 12,600. 500ರಲ್ಲಿ ಖರೀದಿ 11,400, ಆರ್ಡರ್ 120, ಹೋಲ್ಡಿಂಗ್ 750, ಒಟ್ಟು 12,270. ಇಳಿಜಾರು ನೋಡಿಕೊಂಡು ನಡೆಯುವ ವಿಧಾನಕ್ಕೆ 500ರಲ್ಲಿ ವೆಚ್ಚ ಧೊಪ್ಪನೆ ಇಳಿಯುವುದು 200ರಲ್ಲಿ ನಿಂತು ಕಾಣುವುದಿಲ್ಲ. ಹಲವು ಕಡೆಯಿಂದ ಹುಡುಕಾಟ ಶುರು ಮಾಡುವ ಮಲ್ಟಿಸ್ಟಾರ್ಟ್ ಟಿಕ್ ಹಾಕಿ, ವೇರಿಯಬಲ್‌ಗೆ ಕೆಳಮಿತಿ ಮೇಲ್ಮಿತಿ ಎರಡನ್ನೂ ಕೊಟ್ಟರೆ ಸುಧಾರಿಸಬಹುದು. ಅದಕ್ಕಿಂತ ಒಳ್ಳೆಯದು, ಪ್ರತಿ ದರದ ಪಟ್ಟಿಗೂ ಬೇರೆ ಬೇರೆ ಲೆಕ್ಕ ಮಾಡಿ ಹೋಲಿಸುವುದು.

ಮೂರನೆಯ ವಿಧಾನವಾದ ಎವಲ್ಯೂಷನರಿ ಮೆಥಡ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಜಾಬ್‌ಗಳ ಸರದಿ ಹುಡುಕಲು ಆಲ್‌ಡಿಫರೆಂಟ್ (ಪ್ರತಿ ಸೆಲ್ಲಿಗೂ ಬೇರೆ ಬೇರೆ ಸಂಖ್ಯೆ) ಕನ್‌ಸ್ಟ್ರೇಂಟ್ ಜೊತೆ ಬಳಸಬಹುದು, ಆದರೆ ಬಂದ ಉತ್ತರ ಆಪ್ಟಿಮಲ್ ಎಂದು ರಿಪೋರ್ಟಿನಲ್ಲಿ ಬರೆಯಬೇಡಿ. 30 ಸೆಕೆಂಡ್ ಸುಧಾರಣೆ ಕಾಣದಿದ್ದರೆ ನಿಲ್ಲಿಸುವುದು ಅದರ ಡೀಫಾಲ್ಟ್.

ಗಾತ್ರದ ಮಿತಿ 200 ವೇರಿಯಬಲ್. ಅಸೈನ್‌ಮೆಂಟ್ ಪ್ರಾಬ್ಲಮ್‌ನಲ್ಲಿ 14 ಜನ, 14 ಕೆಲಸ ಎಂದರೆ 196, ಸರಿಹೋಯಿತು. 15 ಆದರೆ 225, ಮುಂದೆ ಹೋಗುವುದಿಲ್ಲ. ಸೆಮಿಸ್ಟರ್ ಪ್ರಾಜೆಕ್ಟಿಗೆ ಶಿಫ್ಟ್ ಹಂಚಿಕೆ ಆರಿಸಿಕೊಂಡ ತಂಡಗಳು ಇದನ್ನು ತಡವಾಗಿ ಕಂಡುಕೊಳ್ಳುತ್ತವೆ: 10 ಜನ, 7 ದಿನ, 3 ಪಾಳಿ ಎಂದರೇ 210. ಆಗ ಶೀಟ್ ಬಿಸಾಡಬೇಕಿಲ್ಲ. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಪನ್‌ಸಾಲ್ವರ್ ಎಂಬ ಉಚಿತ ಆಡ್-ಇನ್ ಇದೇ ಮಾದರಿಯನ್ನು ಹಾಗೇ ತೆಗೆದುಕೊಂಡು ಸಿಬಿಸಿ ಎಂಬ ಲೆಕ್ಕ ಬಿಡಿಸುವ ಎಂಜಿನ್‌ನಲ್ಲಿ ಬಿಡಿಸುತ್ತದೆ, ಗಾತ್ರಕ್ಕೆ ಕೃತಕ ಮಿತಿ ಇಲ್ಲ. ಅದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು, ಮಾದರಿಯನ್ನು ಶೀಟಿನ ಮೇಲೇ ಬಣ್ಣದಲ್ಲಿ ಗುರುತು ಮಾಡಿ ತೋರಿಸುವುದು. ಮೂಲ ಸಾಲ್ವರ್‌ನಲ್ಲಿ ಕನ್‌ಸ್ಟ್ರೇಂಟ್‌ಗಳೆಲ್ಲ ಡೈಲಾಗ್ ಬಾಕ್ಸ್ ಒಳಗೆ ಅಡಗಿರುತ್ತವೆ. ತಂಡದಲ್ಲಿ ಒಬ್ಬರು ಒಂದು ಸಾಲು ಸೇರಿಸಿ ರೇಂಜ್ ಹಿಗ್ಗಿಸುವುದನ್ನು ಮರೆತರೆ ಇನ್ನೊಬ್ಬರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಡೇಟಾ ಪ್ರತಿ ವಾರ ಬದಲಾಗುವ, ಸಾವಿರಾರು ವೇರಿಯಬಲ್ ಇರುವ ಪ್ರಾಜೆಕ್ಟಾದರೆ ಶುರುವಿನಲ್ಲೇ ಪೈಥಾನ್‌ನ ಪಲ್ಪ್ ಲೈಬ್ರರಿಗೆ ಹೋಗಿ. ಸಾಲ್ವರ್‌ನಲ್ಲೇ ಸಲ್ಲಿಸುವವರು ಆನ್ಸರ್ ರಿಪೋರ್ಟನ್ನೂ ಲಗತ್ತಿಸಿ. ಸೆಲ್ಲಿನ ಎಡಕ್ಕೆ ಮತ್ತು ಮೇಲಕ್ಕೆ ಸಿಗುವ ಮೊದಲ ಪಠ್ಯವನ್ನು ಜೋಡಿಸಿ ರಿಪೋರ್ಟ್ ಹೆಸರು ಕೊಡುತ್ತದೆ, ಆದ್ದರಿಂದ ಸಾಲಿಗೂ ಕಾಲಂಗೂ ಚುಟುಕಾದ ತಲೆಬರಹ ಮೊದಲೇ ಬರೆದಿಟ್ಟಿರಿ.