ಅನಿಮೋನ್ ಎಬ್ಬಿಸಲು ಕಾರ್ಡ್, ಐಸ್, ವೇವ್‌ಮೇಕರ್, ಉಳಿ: ನನ್ನ ಓಟು ಉಳಿಗೆ

ಮೊದಲೇ ಹೇಳಿಬಿಡುತ್ತೇನೆ. ರೀಫ್ ಟ್ಯಾಂಕಿನಲ್ಲಿ (ಹವಳದಂಥ ಜೀವಿಗಳನ್ನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಕಲ್ಲು ಸರಿಸುವಾಗ, ಕಲ್ಲಿಗೆ ಕಚ್ಚಿಕೊಂಡಿರುವ ಜೀವಿಯನ್ನು ಬಿಡಿಸಲು ಹೋಗಬೇಡಿ. ಕಲ್ಲನ್ನೇ ಒಡೆದು ತುಂಡಿನ ಸಮೇತ ಎತ್ತಿ. ನಾನು ನಾಲ್ಕು ದಾರಿ ನೋಡಿದ್ದೇನೆ, ಅದರಲ್ಲಿ ಒಂದು ದಾರಿ ನನ್ನ ಅನಿಮೋನ್ ಅನ್ನೇ (ಪಾದದಿಂದ ಕಲ್ಲಿಗೆ ಕಚ್ಚಿಕೊಂಡು ಕೂರುವ, ಗ್ರಹಣಾಂಗಗಳಿರುವ ಮೆತ್ತನೆಯ ಸಮುದ್ರಜೀವಿ) ತಿಂದುಹಾಕಿತು. ಹಾಗಾಗಿ ಎಲ್ಲವನ್ನೂ ಸಮವಾಗಿ ತೂಗಿದ್ದೇನೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ನಮ್ಮದು ಬೆಂಗಳೂರಿನ ಫ್ಲಾಟ್‌ನಲ್ಲಿರುವ ಮೂರಡಿಯ ಉಪ್ಪುನೀರಿನ ಟ್ಯಾಂಕ್. ಗಟ್ಟಿ ಹವಳ ಒಂದೂ ಇಲ್ಲ. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಆ ಉಸಾಬರಿ ನನಗೆ ಬೇಡ. ಇರುವುದು ಒಂದು ಬಬಲ್ ಟಿಪ್ ಅನಿಮೋನ್, ಅದರೊಳಗೆ ಒಂದು ಜೋಡಿ ಕ್ಲೌನ್ ಮೀನು, ಹತ್ತಿಪ್ಪತ್ತು ಮಶ್ರೂಮ್ (ಅಣಬೆಯಂತೆ ಕಾಣುವ ಹವಳದ ಬಂಧು), ದೊಡ್ಡ ಕಲ್ಲಿನ ಒಂದು ತುದಿಯ ತುಂಬ ಝೋವಾ (ಗುಂಪಾಗಿ ಬೆಳೆಯುವ ಪುಟ್ಟ ಹೂವಿನಂಥ ಜೀವಿಗಳು), ಅಂಗೈ ಅಗಲದ ಒಂದು ಲೆದರ್ ಕೋರಲ್ (ಮೆತ್ತನೆಯ ಹವಳ). (ಸಮುದ್ರದಲ್ಲಿ ನನ್ನಲ್ಲಿರುವ ಜಾತಿಯ ಕ್ಲೌನ್ ಬಬಲ್ ಟಿಪ್‌ನಲ್ಲಿ ಮನೆ ಮಾಡುವುದಿಲ್ಲ. ಟ್ಯಾಂಕಿನಲ್ಲಿ ಮಾತ್ರ ಹೊಂದಿಕೊಳ್ಳುತ್ತದೆ. ಬಾಡಿಗೆ ಮನೆ ಸಿಕ್ಕಿದ್ದೇ ಸಾಕು ಅನ್ನುವ ಹಾಗೆ.)

ಶುರುವಿನಲ್ಲಿ ಕಲ್ಲುಗಳನ್ನೆಲ್ಲ ಹಿಂದಿನ ಗಾಜಿಗೆ ಒರಗಿಸಿ ಕಾಂಪೌಂಡ್ ಗೋಡೆಯ ಹಾಗೆ ಪೇರಿಸಿದ್ದೆ. ನೋಡಲು ಚೆನ್ನಾಗಿತ್ತು. ಆದರೆ ಆ ಸಂದಿಗೆ ಕೈ ಹೋಗುವುದಿಲ್ಲ, ಗಾಜು ಉಜ್ಜುವ ಮ್ಯಾಗ್ನೆಟ್ಟೂ ಹೋಗುವುದಿಲ್ಲ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಊಟ ಎಲ್ಲ ಅಲ್ಲೇ ಕೂರುತ್ತಿತ್ತು. ಎಷ್ಟು ನೀರು ಬದಲಾಯಿಸಿದರೂ ಆ ಕೊಳೆಯಿಂದ ಹುಟ್ಟುವ ನೈಟ್ರೇಟ್ ಇಳಿಯಲಿಲ್ಲ. ಗೋಡೆ ಕೆಡವಲೇಬೇಕಾಯಿತು, ಅದಕ್ಕೆ ಮೊದಲು ಕಲ್ಲಿಗೆ ಕಚ್ಚಿಕೊಂಡ ಅನಿಮೋನ್ ಅನ್ನು ಎಬ್ಬಿಸಬೇಕಿತ್ತು.

ಮೊದಲು ಕಾರ್ಡ್. ಇದು ಎರಡು ವರ್ಷದ ಹಿಂದಿನ ಮಾತು, ಆಗ ಇದ್ದದ್ದು ಬೇರೆ ಅನಿಮೋನ್. ಹಳೇ ಎಟಿಎಂ ಕಾರ್ಡ್‌ನ ಅಂಚನ್ನು ಪಾದದ ಕೆಳಗೆ ತೂರಿಸಿ ಮೆಲ್ಲಗೆ ಎಬ್ಬಿಸುವುದು. ಗಾಜಿನ ಮೇಲೆ ಕೂತಿದ್ದರೆ ಇದು ಬೆಣ್ಣೆಯಷ್ಟು ಸಲೀಸು, ಅದನ್ನು ಒಪ್ಪುತ್ತೇನೆ. ನನ್ನದು ಕಲ್ಲಿನ ತೂತಿನೊಳಗೆ ಪಾದ ಇಳಿಸಿ ಕೂತಿತ್ತು. ಕಾರ್ಡ್ ಒಳಗೆ ಹೋಗಲಿಲ್ಲ. ಇಷ್ಟು ಬಂದಿದೆ, ಇನ್ನು ಸ್ವಲ್ಪ ತಾನೇ ಅಂತ ಉಗುರು ಹಾಕಿದೆ. ಒದ್ದೆ ಬಲೂನು ಹರಿದ ಹಾಗೆ ಬೆರಳ ತುದಿಗೆ ಗೊತ್ತಾಯಿತು. ಹರಿದದ್ದು ಅರ್ಧ ಇಂಚೂ ಇರಲಿಲ್ಲ.

ಮಾರನೇ ದಿನ ಬಾಯಿ ತೆರೆದುಕೊಂಡೇ ಇತ್ತು. ಮೂರನೇ ಬೆಳಗ್ಗೆ ಅದು ಅನಿಮೋನ್ ಆಗಿ ಉಳಿದಿರಲಿಲ್ಲ, ಕಂದು ಬಣ್ಣದ ಲೋಳೆ ಆಗಿತ್ತು. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಎರಡು ದಿನದಲ್ಲಿ ಎರಡು ಸಲ ಅರ್ಧರ್ಧ ನೀರು ಬದಲಾಯಿಸಿದೆ. "ಏನಮ್ಮಾ ಇದು, ಕೊಳೆತ ಮೊಟ್ಟೆ ವಾಸನೆ ಬರ್ತಿದೆ?" ಅಂತ ಅತ್ತೆ ಸೆರಗು ಮೂಗಿಗೆ ಹಿಡಿದು ಕೇಳಿದರು. ಏನು ಹೇಳಲಿ?

ಈ ವರ್ಷ ಎರಡನೇ ಅನಿಮೋನ್. ಈ ಸಲ ಉಗುರು ಹಾಕುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ. ಐಸ್‌ನಿಂದ ಶುರು ಮಾಡಿದೆ. ಐಸ್ ಗಡ್ಡೆಯನ್ನು ಜಿಪ್ ಕವರಿನಲ್ಲಿ ಹಾಕಿ (ಸಿಹಿನೀರು ಕರಗಿ ಮೈಗೆ ತಾಗಬಾರದು) ಪಾದದ ಪಕ್ಕ ಹಿಡಿಯುವುದು, ಚಳಿಗೆ ಅದು ಹಿಡಿತ ಬಿಡುತ್ತದೆ ಅನ್ನುವುದು ಲೆಕ್ಕ. ಹತ್ತು ನಿಮಿಷ ಹಿಡಿದೆ. ನನ್ನ ಬೆರಳು ಜೋಮು ಹಿಡಿಯಿತು. ಅದು ನಿಂಬೆಹಣ್ಣಿನಷ್ಟಕ್ಕೆ ಮುದುರಿ ತೂತಿನೊಳಗೆ ಇನ್ನೂ ಆಳಕ್ಕೆ ಇಳಿಯಿತು. ಅಷ್ಟೇ. ಪಾದ ಹೊರಗೆ ಕಾಣುವಂತಿದ್ದರೆ ನೀವು ಬೇಕಾದರೆ ನೋಡಿ.

ಆಮೇಲೆ ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರು ಓಡಿಸುವ ಪಂಪ್. ಇದರ ಬಗ್ಗೆ ನನಗೆ ತುಂಬಾ ಆಸೆ ಇತ್ತು, ಅದಕ್ಕೇ ಸಿಟ್ಟೂ ಜಾಸ್ತಿ. ಹಳೇ ವೇವ್‌ಮೇಕರ್ ಒಂದು ಮನೆಯಲ್ಲೇ ಬಿದ್ದಿತ್ತು, ಖರ್ಚು ಸೊನ್ನೆ. ನೀರಿನ ರಭಸ ನೇರವಾಗಿ ಅನಿಮೋನ್ ಮೇಲೆ ಬೀಳುವ ಹಾಗೆ ಇಟ್ಟರೆ, ಅದಕ್ಕೆ ಕಿರಿಕಿರಿಯಾಗಿ ತಾನಾಗಿಯೇ ಎದ್ದು ಬೇರೆ ಕಡೆ ನಡೆಯುತ್ತದೆ. ಯಾರೂ ಮುಟ್ಟುವುದಿಲ್ಲ, ಏನೂ ಹರಿಯುವುದಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ?

ಏಳುವುದೇನೋ ಏಳುತ್ತದೆ. ಎದ್ದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದು ಅದರ ಇಷ್ಟ. ಮೊದಲ ದಿನ ಮುದುರಿ ಕೂತಿತ್ತು. ಎರಡನೇ ರಾತ್ರಿ ಹೊರಟಿತು. ಬೆಳಗ್ಗೆ ನೋಡಿದರೆ ತೂತು ಖಾಲಿ! ಖುಷಿಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಹುಡುಕಿದೆ. ಹಿಂದಿನ ಗಾಜಿಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ, ಅಂದರೆ ನಾನು ಯಾವ ಸಂದಿ ಖಾಲಿ ಮಾಡಲು ಇಷ್ಟೆಲ್ಲ ಒದ್ದಾಡುತ್ತಿದ್ದೆನೋ ಅದೇ ಸಂದಿಯಲ್ಲಿ, ಆರಾಮಾಗಿ ಕೂತಿತ್ತು.

ವೇವ್‌ಮೇಕರ್ ಅನ್ನು ಆ ಕಡೆ ತಿರುಗಿಸಿದೆ. ಮೂರನೇ ರಾತ್ರಿ ಅದು ಝೋವಾಗಳ ಮೇಲೆಯೇ ಹಾದು ಹೋಯಿತು, ಅದರ ಗ್ರಹಣಾಂಗ ತಾಗಿದ ಝೋವಾಗಳು ಒಂದು ವಾರ ಬಾಗಿಲು ತೆರೆಯಲಿಲ್ಲ. ಮುಂದೆ ನೇರವಾಗಿ ಇನ್ನೊಂದು ವೇವ್‌ಮೇಕರ್ ಕಡೆಗೆ. ನಡೆದಾಡುವ ಅನಿಮೋನ್ ಪಂಪಿನ ಬಾಯಿಗೆ ಸಿಕ್ಕರೆ ಮಿಕ್ಸಿಗೆ ಹಾಕಿದ ಹಾಗೆಯೇ, ಇಡೀ ಟ್ಯಾಂಕಿಗೆ ಅದೇ ವಿಷ. ಅದಕ್ಕೆ ಎರಡಕ್ಕೂ ಸ್ಪಂಜ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಸ್ಪಂಜ್ ಹಾಕಿದರೆ ನೀರಿನ ರಭಸ ಕಡಿಮೆ, ದಿನಾ ತೊಳೆಯದಿದ್ದರೆ ಕಟ್ಟಿಕೊಳ್ಳುತ್ತದೆ. ರಭಸವೇ ಬೇಕಾದ ಕೆಲಸಕ್ಕೆ ರಭಸ ಕೊಲ್ಲುವ ಟೊಪ್ಪಿ. ರಾತ್ರಿ ಎರಡರವರೆಗೆ ಕೆಂಪು ಟಾರ್ಚ್ ಹಿಡಿದು ಕಾವಲು ಕೂತಿದ್ದೆ.

ನಾಲ್ಕನೇ ದಿನ ಅದು ಪಕ್ಕದ ಚಿಕ್ಕ ಕಲ್ಲಿಗೆ ಹತ್ತಿತು. ಸರಿಯಾಗಿ ನನಗೆ ಬೇಕಿದ್ದ ಕಲ್ಲು. ನಾಳೆ ಬೆಳಗ್ಗೆ ಎತ್ತಿದರಾಯಿತು ಅಂತ ಮಲಗಿದೆ. ಆ ರಾತ್ರಿ ಮಳೆ, ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಎಳೆಯುವುದು ಸೋಸಿದ ನೀರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ಒಂದನ್ನೇ. ವೇವ್‌ಮೇಕರ್ ನಿಂತಿತು. ಬೆಳಗ್ಗೆ ಎದ್ದು ನೋಡಿದರೆ ಅನಿಮೋನ್ ತವರಿಗೆ ಬಂದ ಮಗಳ ಹಾಗೆ ತನ್ನ ಹಳೇ ತೂತಿನಲ್ಲಿ ಕಾಲು ಚಾಚಿ ಕೂತಿದೆ. ನಮ್ಮನೆಯವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಆ ಭಾನುವಾರವೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ 120 ರೂಪಾಯಿಗೆ ಸಣ್ಣ ಬಾಯಿಯ ಉಳಿ ತಂದೆ. ಸುತ್ತಿಗೆ ಮನೆಯಲ್ಲಿತ್ತು. ಪಂಪ್‌ಗಳೆಲ್ಲ ಬಂದ್. ಟ್ಯಾಂಕಿನ ನೀರಿನೊಳಗೇ ಪ್ಲಾಸ್ಟಿಕ್ ಬೇಸಿನ್ ಮುಳುಗಿಸಿ, ಅದರೊಳಗೆ ಕಲ್ಲನ್ನು ಹೊರಳಿಸಿ, ನೀರಿನ ಸಮೇತ ಇಬ್ಬರೂ ಸೇರಿ ಎತ್ತಿದೆವು. ಬರೀ ಕಲ್ಲನ್ನು ಹೊರಗೆ ಎತ್ತಿದರೆ ಅನಿಮೋನ್ ತನ್ನದೇ ಭಾರಕ್ಕೆ ಜೋತುಬಿದ್ದು ಪಾದದ ಹತ್ತಿರ ಎಳೆಯುತ್ತದೆ. ಬಾಲ್ಕನಿಯಲ್ಲಿ ಒದ್ದೆ ಟವೆಲ್ ಹಾಸಿ ಬೇಸಿನ್ ಇಟ್ಟು, ಅನಿಮೋನ್ ಇರುವ ಬದಿ ನೀರೊಳಗೆ, ಒಡೆಯುವ ಬದಿ ಹೊರಗೆ ಬರುವಂತೆ ಕಲ್ಲನ್ನು ಓರೆಯಾಗಿ ನಿಲ್ಲಿಸಿದೆ. ತೂತಿನಿಂದ ನಾಲ್ಕು ಬೆರಳು ಬಿಟ್ಟು ಉಳಿ ಇಟ್ಟು, ಒಂದೇ ಏಟು ಹೊಡೆಯದೆ, ಸುತ್ತಲೂ ಟಕ್ ಟಕ್ ಅಂತ ಬಡಿಯುತ್ತ ಬಂದೆ. ಈ ಕಲ್ಲು ಒಳಗೆಲ್ಲ ತೂತು ತೂತು, ಗ್ರಾನೈಟ್ ಅಲ್ಲ. ಮೂರನೇ ಸುತ್ತಿನಲ್ಲಿ ಸದ್ದು ಬದಲಾಯಿತು. ಆಮೇಲೆ ಎರಡು ಏಟು, ತಟ್ಟೆ ಇಡ್ಲಿ ಅಗಲದ ತುಂಡು ಕೈಗೆ ಬಂತು.

ಮುರಿದ ಜಾಗದಿಂದ ಇಣುಕಿದಾಗ ಪಾದದ ಬುಡ ಕಂಡಿತು. ಹೆಬ್ಬೆರಳು ಮಾತ್ರ ಹೋಗುವಷ್ಟು ತೂತು, ಮೂರು ಇಂಚು ಆಳ, ತಳದಲ್ಲಿ ಗುಲಾಬಿ ಬಣ್ಣದ ಪಾದ ಒತ್ತಿಕೊಂಡಿತ್ತು. ಅಲ್ಲಿಗೆ ಯಾವ ಕಾರ್ಡ್ ಹೋಗುತ್ತಿತ್ತು? ಎಲ್ಲ ಸೇರಿ ಇಪ್ಪತ್ತು ನಿಮಿಷ. ಅದರ ಮನೆಯನ್ನೇ ಎತ್ತಿ ಇಟ್ಟಿದ್ದರಿಂದ, ಮತ್ತು ಬೆಳಕು, ನೀರಿನ ಓಟ ಮೊದಲಿನಷ್ಟೇ ಇರುವ ಎತ್ತರ ನೋಡಿ ಇಟ್ಟಿದ್ದರಿಂದ, ಅದು ಎಲ್ಲಿಗೂ ಹೊರಡಲಿಲ್ಲ. ಆದರೂ ಎರಡು ರಾತ್ರಿ ಸ್ಪಂಜ್ ತೆಗೆದಿರಲಿಲ್ಲ.

ಉಳಿಯಲ್ಲೂ ಕಿರಿಕಿರಿ ಇದೆ. ದೊಡ್ಡ ಕಲ್ಲಿನ ಕಮಾನು ಹೋಯಿತು, ನನಗೆ ತುಂಬಾ ಇಷ್ಟವಾಗಿದ್ದದ್ದು. ಗ್ಲೌಸ್ ಹಾಕುವ ಮೊದಲೇ ಕಲ್ಲು ಹಿಡಿದು ಬ್ರಿಸಲ್ ಹುಳದ ಬಿಳಿ ಮುಳ್ಳು ಬೆರಳಿಗೆ ಚುಚ್ಚಿತು. ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಬಹಳಷ್ಟು ಬರುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಝೋವಾ ಇರುವ ಕಲ್ಲು ಒಡೆಯುವಾಗ ಗ್ಲೌಸ್ ಮತ್ತು ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಕಲ್ಲಿಗೆ ಬಿಸಿನೀರು ಹೊಯ್ಯುವುದು, ಬ್ರಷ್ ಹಾಕಿ ಉಜ್ಜುವುದು ಬೇಡವೇ ಬೇಡ. ಕುದಿನೀರಿನ ಆವಿ ಕುಡಿದು ಮನೆ ಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಝೋವಾ ಸುಮ್ನೆ ತುಂಡಿನ ಸಮೇತ ಬಂದವು. ಲೆದರ್ ಹತ್ತು ದಿನ ಮುನಿಸಿಕೊಂಡು ಮೇಣದಂಥ ಪೊರೆ ಬಿಟ್ಟು ಸರಿಹೋಯಿತು. ಚಿಕ್ಕ ತುಂಡುಗಳಿಗೆ ಸೂಪರ್ ಗ್ಲೂ ಜೆಲ್ ಸಾಕು, ದೊಡ್ಡದಕ್ಕೆ ಜೊತೆಗೆ ಎಪಾಕ್ಸಿಯೂ ಬೇಕು. ಅನಿಮೋನ್‌ಗೆ ಗ್ಲೂ ತೋರಿಸಲೂ ಬೇಡಿ. ಕಲ್ಲಿನಿಂದ ಕಳಚಿಕೊಂಡ ಮಶ್ರೂಮ್‌ಗಳಿಗೂ ಗ್ಲೂ ನಿಲ್ಲುವುದಿಲ್ಲ, ಮೈಯೆಲ್ಲ ಲೋಳೆ. ಬಟ್ಟಲಿನಲ್ಲಿ ಪುಡಿಗಲ್ಲು ಹಾಕಿ, ಮಶ್ರೂಮ್ ಬಿಟ್ಟು, ಮೇಲೆ ಬೆಳ್ಳುಳ್ಳಿ ಚೀಲದ ಬಲೆ ಕಟ್ಟಿ ನೀರಿನ ಓಟ ಕಡಿಮೆ ಇರುವ ಮೂಲೆಗೆ ಇಟ್ಟೆ. ಎರಡು ವಾರದಲ್ಲಿ ಕಚ್ಚಿಕೊಂಡವು.

ನಾನು ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೊರಡುವವಳು, ನಾಲ್ಕು ರಾತ್ರಿ ಅನಿಮೋನ್ ಕಾಯುವ ಪುರುಸೊತ್ತು ಇನ್ನು ಇಲ್ಲ, ಇಡೀ ಟ್ಯಾಂಕ್ ಎಳೆಯುವ ಯುಪಿಎಸ್‌ಗೆ ದುಡ್ಡೂ ಇಲ್ಲ. ಅದಕ್ಕೆ ಉಳಿ. ನಿಮಗೆ ವರ್ಕ್ ಫ್ರಮ್ ಹೋಮ್, ಒಳ್ಳೆ ಇನ್ವರ್ಟರ್, ಒಡೆಯಲು ಮನಸ್ಸು ಬಾರದ ದುಬಾರಿ ಕಲ್ಲು ಇದ್ದರೆ ವೇವ್‌ಮೇಕರ್ ಇಟ್ಟು ಕಾಯಿರಿ. ಕಾರ್ಡ್ ಗಾಜಿಗೆ ಮಾತ್ರ.

ಬಟ್ಟಲಿಗೆ ಬಲೆ ಕಟ್ಟುವ ಮೊದಲೇ ಒಂದು ಮಶ್ರೂಮ್ ತೇಲಿ ಹೋಗಿತ್ತು, ಸತ್ತಿತು ಅಂದುಕೊಂಡಿದ್ದೆ. ಮೊನ್ನೆ ಟ್ಯಾಂಕಿನ ಸಂಪ್ (ನೀರು ಸೋಸುವ ತೊಟ್ಟಿ) ತೊಳೆಯುವಾಗ ಸಿಕ್ಕಿತು. ಕೊಳೆ ತೆಗೆಯುವ ಸ್ಕಿಮ್ಮರ್ ಪಕ್ಕದ ಕತ್ತಲಲ್ಲಿ, ಪೈಪಿಗೆ ಕಚ್ಚಿಕೊಂಡು, ಮೊದಲಿಗಿಂತ ದೊಡ್ಡದಾಗಿದೆ. ಅದನ್ನು ಅಲ್ಲೇ ಬಿಟ್ಟಿದ್ದೇನೆ.