ಲಾಕ್‌ಡೌನ್‌ನಲ್ಲಿ ಸೋಪಿನ ಕೆಲಸಕ್ಕೆ ಏಜೆನ್ಸಿಯಿಂದ ಜನ ತರಿಸಿದ್ದು: 5ಕ್ಕೆ 3

ಮೊದಲೇ ಹೇಳಿಬಿಡುತ್ತೇನೆ, ಏಜೆನ್ಸಿಯ ಹೆಸರು ಬರೆಯುವುದಿಲ್ಲ. ಅವರ ಮೇಲೆ ಸಿಟ್ಟಿತ್ತು, ಈಗ ಇಲ್ಲ. ಸಹಾಯವೂ ಆಗಿದೆ. ಆದರೆ ತಾತ್ಕಾಲಿಕವಾಗಿ ಕೆಲಸದವರನ್ನು ಕಳಿಸುವ ಇಂಥ ಸೇವೆಗಳ ಬಗ್ಗೆ ಹುಡುಕಿದರೆ ಸಿಗುವ ರಿವ್ಯೂಗಳೆಲ್ಲ ದೊಡ್ಡ ಗೋದಾಮು, ಕಾಲ್ ಸೆಂಟರ್ ನಡೆಸುವವರು ಬರೆದದ್ದು. ಐದಾರು ಜನ ಸೇರಿ ಕೈಯಲ್ಲಿ ಏನೋ ಮಾಡಿ ಮಾರುವ ನನ್ನಂಥವರು ಬರೆದದ್ದು ಒಂದೂ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ತಡವಾದರೂ ಬರೆಯುತ್ತಿದ್ದೇನೆ.

ನಮ್ಮದು ಕೈಯಲ್ಲಿ ಸೋಪು ಮಾಡುವ ಕೆಲಸ. ಕೋಲ್ಡ್ ಪ್ರೋಸೆಸ್ ಅಂತಾರಲ್ಲ, ಅದು. ಎಣ್ಣೆಗಳನ್ನು ತೂಗಿ, ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಅದಕ್ಕೆ ಬೆರೆಸಿ, ಹದಕ್ಕೆ ಬರುವವರೆಗೆ ತಿರುವಿ, ಅಚ್ಚಿಗೆ ಸುರಿದು, ಮರುದಿನ ಕತ್ತರಿಸಿ ರ‍್ಯಾಕಿನಲ್ಲಿ ಜೋಡಿಸುವುದು. ನನ್ನನ್ನೂ ಸೇರಿಸಿ ಆರು ಜನ. 2020ರ ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಒಂದು ಪ್ಯಾಂಡೆಮಿಕ್ ಅಂತ ಘೋಷಿಸಿತು. ಆಮೇಲೆ ಎಲ್ಲಿ ನೋಡಿದರೂ 20 ಸೆಕೆಂಡ್ ಕೈ ತೊಳೆಯಿರಿ ಅನ್ನುವ ಮಾತೇ. ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದು ಹಾಕುತ್ತದೆ ಅಂತ ಚಿಕ್ಕ ಮಕ್ಕಳೂ ವಿವರಿಸುತ್ತಿದ್ದರು. ಆರ್ಡರ್ ಬಂದವು ನೋಡಿ, ನಾವು ಅಷ್ಟು ಯಾವತ್ತೂ ಕಂಡಿರಲಿಲ್ಲ.

ಆಮೇಲೆ ಲಾಕ್‌ಡೌನ್. ಸೋಪು ಅವಶ್ಯಕ ವಸ್ತು ಅಂತ ನಮಗೆ ಬಾಗಿಲು ತೆಗೆಯಲು ಅನುಮತಿ ಸಿಕ್ಕಿತು. ಬಾಗಿಲೇನೋ ತೆಗೆದೆ, ಒಳಗೆ ಬರಲು ಜನ ಬೇಕಲ್ಲ? ಇಬ್ಬರಿಗೆ ಬರಲು ವಾಹನವೇ ಇಲ್ಲ. ಒಬ್ಬರ ಮನೆಯಲ್ಲಿ ವಯಸ್ಸಾದ ತಾಯಿ, ರಿಸ್ಕ್ ತಗೊಳ್ಳಲ್ಲ ಅಂದರು, ಸರಿಯಾಗೇ ಹೇಳಿದರು. ಇನ್ನೊಬ್ಬರ ಮಕ್ಕಳಿಗೆ ಶಾಲೆ ಮುಚ್ಚಿದೆ. ಉಳಿದದ್ದು ನಾನು ಮತ್ತು ನಮ್ಮ ಅಕ್ಕ. ಸ್ವಂತ ಅಕ್ಕ ಅಲ್ಲ, ಶುರುವಿನಿಂದ ಜೊತೆಗಿರುವವರು, ಸೋಪು ತಿರುವುವುದು ಅವರೇ. ಹತ್ತೇ ದಿನ. ಅವರ ಪಕ್ಕದ ಮನೆಯಲ್ಲಿ ಪಾಸಿಟಿವ್ ಬಂತು, ಅಕ್ಕ 14 ದಿನ ಮನೆಯಲ್ಲೇ ಕ್ವಾರಂಟೈನ್. ನಾನೊಬ್ಬ, ನಾಲ್ಕು ರ‍್ಯಾಕು ತುಂಬ ಸೋಪು. ಏಜೆನ್ಸಿಗೆ ಫೋನ್ ಮಾಡಿದ್ದು ಆವತ್ತೇ ಸಂಜೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ತಕರಾರು ಅರ್ಥವಾಗಲ್ಲ. ಕೋಲ್ಡ್ ಪ್ರೋಸೆಸ್ ಸೋಪು ಇವತ್ತು ಸುರಿದರೆ ಮಾರಾಟಕ್ಕೆ ಬರುವುದು 4ರಿಂದ 6 ವಾರದ ನಂತರ. ನೀರು ಆರಬೇಕು, ಬಿಲ್ಲೆ ಗಟ್ಟಿಯಾಗಬೇಕು, ಚರ್ಮಕ್ಕೆ ಮೆತ್ತಗಾಗಬೇಕು. ಅಂದರೆ ನನಗೆ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ರೀತಿಯ ಜನ ಬೇಕಿತ್ತು. ಫೆಬ್ರವರಿಯಲ್ಲಿ ಸುರಿದು ಈಗ ತಯಾರಾಗಿ ಕೂತಿರುವ ಸೋಪನ್ನು ಸುತ್ತಿ, ಲೇಬಲ್ ಅಂಟಿಸಿ, ಡಬ್ಬಕ್ಕೆ ತುಂಬುವವರು ಇವತ್ತೇ ಬೇಕು. ಆರು ವಾರದ ನಂತರ ರ‍್ಯಾಕು ಖಾಲಿಯಾಗಬಾರದು ಅಂದರೆ ಸುರಿಯುವವರೂ ಇವತ್ತೇ ಬೇಕು. ಮೊದಲನೆಯ ಕೆಲಸ ಅರ್ಧ ದಿನದಲ್ಲಿ ಕಲಿಯಬಹುದು. ಎರಡನೆಯದನ್ನು ನಾನೇ ಇನ್ನೂ ಪೂರ್ತಿ ಕಲಿತಿಲ್ಲ.

ಏಜೆನ್ಸಿಯ ಫಾರಂನಲ್ಲಿ ಇದ್ದದ್ದು ಎರಡೇ ಚೌಕ. ಕೌಶಲದ ಕೆಲಸ, ಕೌಶಲ ಬೇಡದ ಕೆಲಸ. ನಾನು ಎರಡಕ್ಕೂ ಟಿಕ್ ಹಾಕಿದೆ. ನನ್ನ ಮೊದಲ ತಪ್ಪು ಅದು.

ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ಫೋನ್ ಎತ್ತುತ್ತಿದ್ದರು, ಆ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಮೂರನೇ ದಿನ ಬೆಳಿಗ್ಗೆ ಹೇಳಿದ ಹೊತ್ತಿಗೆ ಇಬ್ಬರು ಬಾಗಿಲಲ್ಲಿ ನಿಂತಿದ್ದರು, ಓಡಾಟದ ಪಾಸ್ ಅವರೇ ಮಾಡಿಸಿಕೊಟ್ಟಿದ್ದರು, ಮಾಸ್ಕ್ ಇತ್ತು, ಜ್ವರ ನೋಡಿದ ಚೀಟಿ ಇತ್ತು. ಸಂಬಳ, ಹಾಜರಿ, ಕಾಗದ ಪತ್ರ ಯಾವುದೂ ನನ್ನ ತಲೆನೋವಲ್ಲ. ವಾರಕ್ಕೊಂದು ಬಿಲ್, ಬಿಲ್ಲಿನಲ್ಲಿ ತಪ್ಪಿಲ್ಲ. ಇದಕ್ಕೆ ಪೂರ್ತಿ ಅಂಕ.

ಸುತ್ತುವ ಕೆಲಸಕ್ಕೆ ಬಂದವರು ಒಬ್ಬ ಹೆಂಗಸು, ಮುಂಚೆ ಬಟ್ಟೆ ಅಂಗಡಿಯಲ್ಲಿ ಇದ್ದರಂತೆ. ಮಧ್ಯಾಹ್ನದ ಹೊತ್ತಿಗೆ ನನಗಿಂತ ಬೇಗ ಸುತ್ತುತ್ತಿದ್ದರು. ಕಾಗದದ ಮಡಿಕೆ ಸೋಪಿನ ಅಂಚಿಗೆ ಕೂರುವಂತೆ ಉಗುರಿನಿಂದ ಒಂದು ಸಲ ಎಳೆಯುತ್ತಿದ್ದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸೀರೆ ಮಡಿಸಿ ಮಡಿಸಿ ಬಂದ ಅಭ್ಯಾಸ ಅಂದರು. ಎರಡು ದಿನದಲ್ಲಿ ಒಂದು ರ‍್ಯಾಕು ಖಾಲಿ.

ಇನ್ನು ಎರಡನೆಯವರು. ಅವರ ಹೆಸರಿನ ಮುಂದೆ 'ಕೆಮಿಕಲ್ ಕೆಲಸದ ಅನುಭವ' ಅಂತ ಬರೆದಿತ್ತು. ಪಾಪ, ಒಳ್ಳೆಯ ಹುಡುಗ. ಕೇಳಿದರೆ ಗೊತ್ತಾಯಿತು, ನೆಲ ಒರೆಸುವ ದ್ರಾವಣದ ಬಾಟಲಿಗಳಿಗೆ ಮುಚ್ಚಳ ಹಾಕುವ ಲೈನಿನಲ್ಲಿ ಇದ್ದದ್ದು. ಅದು ಕೆಮಿಕಲ್ ಅನುಭವ! ಆದರೂ ನೋಡೋಣ ಅಂತ ಗ್ಲೌಸು, ಕನ್ನಡಕ, ಏಪ್ರನ್ ಹಾಕಿಸಿ ನಿಲ್ಲಿಸಿದೆ. ಕಾಸ್ಟಿಕ್ ಸೋಡಾ ತೂಗಿ ಇಟ್ಟಿದ್ದೆ. ನಾನು ಆ ಕಡೆ ತಿರುಗಿ ಎಣ್ಣೆಯ ಬಿಸಿ ನೋಡುತ್ತಿದ್ದೆ. ಈ ಕಡೆ ತಿರುಗಿದರೆ ಅವನು ನೀರಿನ ಜಗ್ ಎತ್ತಿ ಸೋಡಾದ ಮೇಲೆ ಸುರಿಯಲು ಹೊರಟಿದ್ದ. ಮಾಸ್ಕ್ ಒಳಗಿಂದಲೇ ಕಿರುಚಿದೆ. ಯಾವಾಗಲೂ ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿದರೆ ಒಂದೇ ಕಡೆ ಕುದಿದು ಮುಖಕ್ಕೆ ಎರಚುತ್ತದೆ. ಅದೇ ದಿನ ಸಂಜೆ ಕರಗಿಸಲು ಅಲ್ಯೂಮಿನಿಯಂ ಪಾತ್ರೆ ಹಿಡಿದು ಬಂದ. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಹೈಡ್ರೋಜನ್ ಬರುತ್ತದೆ. ಅವನಿಗೆ ಹೇಗೆ ಗೊತ್ತಿರಬೇಕು, ಹೇಳಿ? ಹೇಳಿಕೊಡುವವರು ಇಲ್ಲದೆ ಯಾರನ್ನೂ ಆ ಮೇಜಿನ ಹತ್ತಿರ ನಿಲ್ಲಿಸಬಾರದಿತ್ತು. ಅನುಭವ ಅಂತ ಸುಳ್ಳು ಬರೆದ ಏಜೆನ್ಸಿಯದ್ದು ಅರ್ಧ ತಪ್ಪು, ನಂಬಿದ ನನ್ನದು ಇನ್ನರ್ಧ. ಅರ್ಧ ಅಂಕ ಇಲ್ಲೇ ಹೋಯಿತು.

ಅವನನ್ನು ಡಬ್ಬ ತುಂಬಲು ಹಾಕಿ, ಸುರಿಯುವ ಕೆಲಸಕ್ಕೆ ನಾನೇ ನಿಂತೆ. ಆಗ ಗೊತ್ತಾಯಿತು, ನಮ್ಮ ಲೆಕ್ಕಗಳೆಲ್ಲ ಅಕ್ಕನ ತಲೆಯಲ್ಲಿ, ಮಿಕ್ಕದ್ದು ಅವರ ಮನೆಯ ನೋಟ್‌ಬುಕ್ಕಿನಲ್ಲಿ. ಆಲಿವ್ ಎಣ್ಣೆ ಸರಬರಾಜು ನಿಂತಿತ್ತು, ತೆಂಗಿನೆಣ್ಣೆ ಜಾಸ್ತಿ ಹಾಕೋಣ ಅಂದುಕೊಂಡೆ. ಹಾಗೆ ಸುಮ್ನೆ ಬದಲಾಯಿಸಲು ಆಗಲ್ಲ. 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಕಾಸ್ಟಿಕ್ ಹಿಡಿಯುತ್ತದೆ, ಆಲಿವ್‌ಗೆ 13-14 ಗ್ರಾಂ ಸಾಕು. ಲೆಕ್ಕ ತಪ್ಪಿದರೆ ಒಂದೋ ಜಿಡ್ಡು, ಇಲ್ಲ ಚರ್ಮ ಸುಡುವ ಸೋಪು. ಅಕ್ಕ ನೋಟ್‌ಬುಕ್ಕಿನ ಒಂದೊಂದೇ ಪುಟದ ಫೋಟೊ ಕಳಿಸಿದರು. ಅದರಲ್ಲಿ ಅರ್ಧ 'ಸ್ವಲ್ಪ', 'ಹೋದ ಸಲದಷ್ಟೇ' ಅಂತ ಇತ್ತು. ಹೋದ ಸಲ ಎಷ್ಟು ಅಕ್ಕಾ?

ಎರಡನೇ ವಾರ ಆ ಸುತ್ತುವ ಹೆಂಗಸು ತಾವಾಗಿಯೇ ಕೇಳಿದರು, ತಿರುವುವುದು ನನಗೂ ತೋರಿಸಿ ಅಂತ. ಕೈಕೆಲಸ ಕಲಿಸುವುದು ಅಂದರೆ ಪಕ್ಕದಲ್ಲಿ ನಿಂತು ಕೈಹಿಡಿದು ಕಲಿಸುವುದು. ಆರಡಿ ದೂರ ನಿಂತು ಹೇಗೆ ಕಲಿಸುತ್ತೀರಿ? ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು, ನಡುವೆ ಸ್ಟ್ಯಾಂಡಿನಲ್ಲಿ ಫೋನು, ಫೋನಿನಲ್ಲಿ ಅಕ್ಕ. ತಿರುವುತ್ತಾ ತಿರುವುತ್ತಾ ಮಿಶ್ರಣ ದಪ್ಪವಾಯಿತು. ಚಮಚ ಎತ್ತಿ ಹನಿಸಿದರೆ ಮೇಲೆ ಗೆರೆ ನಿಂತಿತು. ಹದ ಬಂತು ಅಂತ ನಾನೂ ಅಂದೆ, ವಿಡಿಯೊ ನೋಡಿ ಅಕ್ಕನೂ ಅಂದರು. ಸುರಿದೆವು. ಮರುದಿನ ಅಚ್ಚು ತೆಗೆದರೆ ಕೆಳಗೆ ಗಟ್ಟಿ, ಮೇಲೆ ಎಣ್ಣೆ ನಿಂತಿದೆ.

ಆಗಿದ್ದು ಏನೆಂದರೆ, ಆವತ್ತು ಕೋಣೆ ತಣ್ಣಗಿತ್ತು, ಗಟ್ಟಿ ಕೊಬ್ಬು ತಣಿದು ಹೆಪ್ಪುಗಟ್ಟಲು ಶುರುವಾಗಿ ಮಿಶ್ರಣ ದಪ್ಪ ಕಂಡಿದೆ. ಸೋಪು ಆಗಿ ದಪ್ಪವಾದದ್ದಲ್ಲ. ಸುಳ್ಳು ಹದ. ಅಕ್ಕ ಎದುರಿಗೆ ಇದ್ದಿದ್ದರೆ ಪಾತ್ರೆಯ ಹೊಟ್ಟೆಗೆ ಕೈ ಇಟ್ಟು ಹೇಳುತ್ತಿದ್ದರು. ಫೋನಿನಲ್ಲಿ ಬಿಸಿ ಕಾಣಲ್ಲ. ಆ ಸೋಪನ್ನು ತುರಿದು, ಸಣ್ಣ ಉರಿಯಲ್ಲಿ ಬೇಯಿಸಿ ಮತ್ತೆ ಅಚ್ಚಿಗೆ ಹಾಕಿದೆವು, ನೋಡಲು ಚೆನ್ನಾಗಿರಲಿಲ್ಲ, ಕೈ ತೊಳೆಯಲು ಅಡ್ಡಿಯಿಲ್ಲ. ಮುಂದಿನ ಸಲದಿಂದ ಆ ಹೆಂಗಸು ಕೇಳದೆಯೇ ಪಾತ್ರೆ ಮುಟ್ಟಿ, ಥರ್ಮಾಮೀಟರ್ ನೋಡಿ, ಅಕ್ಕನಿಗೆ ಇಷ್ಟು ಡಿಗ್ರಿ ಅಂತ ಕೂಗಿ ಹೇಳಲು ಶುರು ಮಾಡಿದರು. ನಮ್ಮಲ್ಲಿ ಬಿಸಿಯನ್ನು ಬರೆದಿಡುವ ಪದ್ಧತಿ ಬಂದದ್ದು ಅವರಿಂದ.

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಮೂರನೇ ವಾರ ಸೋಮವಾರ ಬೇರೆ ಯಾರೋ ಬಂದರು. ಏಜೆನ್ಸಿಯವರು ಹೇಳದೆ ಕೇಳದೆ ಆ ಹೆಂಗಸನ್ನು ಇನ್ನೊಂದು ಕಡೆಗೆ ಕಳಿಸಿದ್ದರು. ಫೋನ್ ಮಾಡಿದರೆ, 'ಸರ್, ನಿಮಗೆ ಒಬ್ಬರು ಬೇಕು ತಾನೆ, ಒಬ್ಬರು ಬಂದಿದ್ದಾರಲ್ಲ' ಅಂದರು. ಅವರ ಲೆಕ್ಕದಲ್ಲಿ ಒಬ್ಬರು ಅಂದರೆ ಒಬ್ಬರು. ನನ್ನ ಲೆಕ್ಕದಲ್ಲಿ ಎರಡು ವಾರ, ಒಂದು ಕೆಟ್ಟ ಸೋಪು, ಅಕ್ಕನ ಅದೆಷ್ಟೋ ಫೋನ್ ಕಾಲ್ ಆ ಒಬ್ಬರ ಕೈಯಲ್ಲಿ ಇದ್ದವು. ಅಲ್ಲದೆ ಸೋಂಕು ಹರಡುವ ಕಾಲದಲ್ಲಿ ಇವತ್ತು ಇವರು ನಾಳೆ ಅವರು ಅಂತ ಜನರನ್ನು ಊರೆಲ್ಲ ತಿರುಗಿಸುವುದು ಯಾವ ಬುದ್ಧಿ? ನಾಲ್ಕು ದಿನ ಜಗಳ ಮಾಡಿ ಅವರನ್ನೇ ವಾಪಸ್ ಕರೆಸಿಕೊಂಡೆ. ಇಲ್ಲಿ ಒಂದು ಪೂರ್ತಿ ಅಂಕ ಕಳೆದಿದ್ದೇನೆ. ನೀವು ಇಂಥ ಸೇವೆ ತಗೊಳ್ಳುವುದಾದರೆ, ಅದೇ ವ್ಯಕ್ತಿ ಬರಬೇಕು ಅಂತ ಕರಾರಿನಲ್ಲಿ ಬರೆಸಿ. ಬಾಯಿಮಾತು ಸಾಲದು.

ಪಾಳಿ ವಿಷಯದಲ್ಲೂ ಅವರು ಬಗ್ಗಲಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಆಗ ಒಂದು ಉಪಾಯ ಹೇಳಿದ್ದರು, 4 ದಿನ ಕೆಲಸ, 10 ದಿನ ಮನೆ. ಸೋಂಕು ತಗುಲಿದರೂ ಮೊದಲ ಕೆಲವು ದಿನ ಬೇರೆಯವರಿಗೆ ದಾಟುವುದು ಕಡಿಮೆ, ದಾಟುವ ಹೊತ್ತಿಗೆ ಮನೆಯಲ್ಲಿರುತ್ತಾರೆ ಅನ್ನುವ ಲೆಕ್ಕ. ಬೇರೆ ಕೆಲಸಗಳಿಗೆ ಹೇಗೋ, ಸೋಪಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ನಾಲ್ಕು ದಿನ ಸುರಿದು ಕತ್ತರಿಸಿ ಜೋಡಿಸಿದರೆ ಮಿಕ್ಕ ದಿನ ಅದು ತಾನಾಗಿ ಆರುತ್ತಿರುತ್ತದೆ, ಯಾರೂ ಕಾಯಬೇಕಿಲ್ಲ. ಕ್ವಾರಂಟೈನ್ ಮುಗಿಸಿ ಅಕ್ಕ ಬಂದ ಮೇಲೆ, ಒಬ್ಬರನ್ನೊಬ್ಬರು ಭೇಟಿಯಾಗದ ಎರಡು ತಂಡ ಮಾಡಿ ಹೀಗೆ ನಡೆಸೋಣ ಅಂದುಕೊಂಡೆ. ಏಜೆನ್ಸಿಯ ಕರಾರು ವಾರದ ಲೆಕ್ಕದ್ದು, ಆರು ದಿನಕ್ಕೆ ಕಡಿಮೆ ಕೊಡಲ್ಲ ಅಂದರು. ಕೊನೆಗೆ ನಮ್ಮ ಹಳೆಯ ಜನ ಮಾತ್ರ ಪಾಳಿ ಮಾಡಿಕೊಂಡರು. ಯಾರನ್ನೂ ಬಿಡಿಸಲಿಲ್ಲ, ಎಲ್ಲರ ಗಂಟೆ ಸ್ವಲ್ಪ ಸ್ವಲ್ಪ ಕಡಿಮೆ. ಜರ್ಮನಿಯಲ್ಲಿ ಇದಕ್ಕೆ ಕುರ್ಟ್ಸ್‌ಆರ್ಬೈಟ್ ಅಂತಾರೆ, ಕಳೆದುಹೋದ ಗಂಟೆಗಳ ಸಂಬಳದಲ್ಲಿ 60 ಪರ್ಸೆಂಟನ್ನು, ಮಕ್ಕಳಿದ್ದರೆ 67ನ್ನು ಸರ್ಕಾರದ ಕಡೆಯಿಂದ ಕೊಡುತ್ತಾರೆ. ನಮಗೆ ಯಾರೂ ಕೊಡಲಿಲ್ಲ, ಆ ತಿಂಗಳುಗಳಲ್ಲಿ ನನ್ನ ಪಾಲು ಸೊನ್ನೆ. ಆದರೂ ಮತ್ತೆ ಹೊಸಬರನ್ನು ಹುಡುಕಿ ಹದ ಕಲಿಸುವುದಕ್ಕಿಂತ ಇದೇ ಕಡಿಮೆ ಖರ್ಚು.

ಆ ಡಬ್ಬ ತುಂಬುವ ಹುಡುಗನಿಗೆ ಒಂದು ದಿನ ಜ್ವರ ಬಂತು. ಟೆಸ್ಟ್ ನೆಗೆಟಿವ್, ಆದರೂ ಮನೆಯಲ್ಲಿರು ಅಂದರು. ಆ ದಿನಗಳ ಕೂಲಿ ಯಾರು ಕೊಡುವುದು? ಏಜೆನ್ಸಿಯವರು ಕೆಲಸ ಇಲ್ಲದ ದಿನ ಕೂಲಿ ಇಲ್ಲ ಅಂದರು, ಕರಾರಿನ ನಾಲ್ಕನೇ ಪುಟದ ಕೊನೆಯಲ್ಲಿ ಹಾಗೇ ಇತ್ತು. ಆ ಪುಟವನ್ನು ನಾನು ಆ ರಾತ್ರಿ ಮೊದಲ ಸಲ ಓದಿದೆ. ಕೂಲಿ ಕಡಿತ ಅಂದರೆ ಮುಂದಿನ ಸಲ ಜ್ವರ ಬಂದವರು ಬಾಯಿ ಬಿಡಲ್ಲ, ಮಾತ್ರೆ ನುಂಗಿ ಬಂದು ನಿಲ್ಲುತ್ತಾರೆ, ಅಲ್ವಾ? ಅಷ್ಟೂ ದಿನದ ಕೂಲಿ ನಾನೇ ಅವನ ಕೈಗೆ ಕೊಟ್ಟೆ. ಏಜೆನ್ಸಿ ತನ್ನ ಕಮಿಷನ್ ಮಾತ್ರ ಮರೆಯದೆ ಹಾಕಿತ್ತು, ಮಿಕ್ಕ ಅರ್ಧ ಅಂಕ ಅದಕ್ಕೆ.

ಅಲ್ಲಿಗೆ ಮೂರು ಉಳಿಯಿತು. ಎರಡಕ್ಕೆ ಇಳಿಸದಿರಲು ಕಾರಣ ಆ ಹೆಂಗಸು. ಅವರನ್ನು ನಮ್ಮಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಅಂದಾಗ ಏಜೆನ್ಸಿಯವರು ಕರಾರಿನ ಇನ್ನೊಂದು ಸಾಲು ತೋರಿಸಿದರು, ಕರಾರು ಮುಗಿದು ಆರು ತಿಂಗಳವರೆಗೆ ನೇರವಾಗಿ ತಗೊಳ್ಳುವ ಹಾಗಿಲ್ಲ, ಬೇಕಾದರೆ ಎರಡು ತಿಂಗಳ ಸಂಬಳದಷ್ಟು ಕಟ್ಟಿ ಅಂತ. ಆ ದುಡ್ಡು ನನ್ನ ಹತ್ತಿರ ಇರಲಿಲ್ಲ. ಅಕ್ಕ ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿಟ್ಟರು. ಆ ತಾರೀಕು ದಾಟಿದ ಮರುದಿನ ಬೆಳಿಗ್ಗೆ ಅವರು ಬಂದು ಏಪ್ರನ್ ಕಟ್ಟಿಕೊಂಡರು. ಸುತ್ತುವ ಕೆಲಸ ಜಾಸ್ತಿಯಾದ ತಿಂಗಳು ಅದೇ ಏಜೆನ್ಸಿಗೆ ಈಗಲೂ ಫೋನ್ ಮಾಡುತ್ತೇನೆ, ಫಾರಂನಲ್ಲಿ ಒಂದೇ ಚೌಕಕ್ಕೆ ಟಿಕ್ ಹಾಕುತ್ತೇನೆ.